ರಸಬಾಳೆಯ ನಾಡಿಮಿಡಿತ

ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಆರೂವರೆಗೆ ಈಗ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. "ನಿಮ್ಮದೆಷ್ಟು ಸಾರ್?" ಅಂತ ಕೇಳುತ್ತಾರೆ.

"ನಂದು ನೂರ ಹನ್ನೆರಡು. ನಿಮ್ಮದು?"

"ನೂರ ನಲವತ್ತೆಂಟು!" ಎಂದವರ ಮುಖದಲ್ಲಿ ಮಗನಿಗೆ ಮೆಡಿಕಲ್ ಸೀಟು ಸಿಕ್ಕಷ್ಟು ಕಳೆ. ನೂರ ಹನ್ನೆರಡರವರು ಮುಖ ಸಣ್ಣ ಮಾಡಿಕೊಂಡು ವಾಚನ್ನು ಒಮ್ಮೆ ಕೊಡವುತ್ತಾರೆ. "ಚಾರ್ಜ್ ಕಮ್ಮಿ ಇದೆ ಅನ್ಸುತ್ತೆ." ಯಾರದ್ದು ಅಂತ ಕೇಳಬಾರದು. ನಾಡಿ ಜಾಸ್ತಿ ಬಡಿದರೆ ಒಳ್ಳೆಯದೋ, ಕಮ್ಮಿ ಬಡಿದರೆ ಒಳ್ಳೆಯದೋ ಇಬ್ಬರಿಗೂ ಗೊತ್ತಿಲ್ಲ. ನಂಬರ್ ದೊಡ್ಡದಿದ್ದವರು ಗೆದ್ದರು, ಅಷ್ಟೆ.

ನಾಡಿ ಎಣಿಸುವ ಈ ಸ್ಮಾರ್ಟ್‌ವಾಚು ಮನೆಮನೆಗೆ ಬಂದಿದ್ದಕ್ಕೆ ಭಯವೂ ಒಂದು ಕಾರಣ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಹೃದಯಾಘಾತದ ಸುದ್ದಿ ಬಂದಾಗ ಮತ್ತೆ ಅದೇ ಸಾಲು. ಆ ಭಯ ನಿಜವಾದದ್ದು, ಅದಕ್ಕೆ ನಗುವಂತಿಲ್ಲ. ನಗು ಬರುವುದು ಭಯ ಇಳಿದ ಮೇಲೆ ನಾವು ಮಾಡುವ ಕೆಲಸಕ್ಕೆ. ಎದೆನೋವು ಅಂತ ಹೋದರೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ನೋಡಲಿ ಎಂದು ಸರ್ಕಾರ ಪುನೀತ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಮಾಡಿದೆ. ಅಲ್ಲಿಗೆ ಹೋಗಲು ಪುರುಸೊತ್ತಿಲ್ಲ. 1,199 ರೂಪಾಯಿ ವಾಚಿನ ರಿವ್ಯೂ ಓದಲು ರಾತ್ರಿ ಹನ್ನೆರಡರವರೆಗೂ ಪುರುಸೊತ್ತಿದೆ.

1,199 ಅಂದೆನಲ್ಲ, ಅದರ ಪಕ್ಕದಲ್ಲಿ 9,999 ಎಂದು ಬರೆದು ಗೀಟು ಹೊಡೆದಿರುತ್ತಾರೆ. ಆ 9,999 ಕೊಟ್ಟು ಕೊಂಡ ಪುಣ್ಯಾತ್ಮನನ್ನು ಕಂಡವರುಂಟಾ? ಕೆಳಗೆ ನೂರಕ್ಕೂ ಹೆಚ್ಚು ಸ್ಪೋರ್ಟ್ಸ್ ಮೋಡ್. ಸ್ಕೀಯಿಂಗ್, ಐಸ್ ಹಾಕಿ, ಬಿಲ್ಲುವಿದ್ಯೆ. ದಾವಣಗೆರೆಯವರಿಗೆ ಸ್ಕೀಯಿಂಗ್ ಯಾಕೆ ಅಂತ ಕಂಪನಿ ಕೇಳುವುದಿಲ್ಲ. ಅಲ್ಲಿ ಜಾರಲು ಸಿಗುವುದು ಬೆಣ್ಣೆ ಮಾತ್ರ.

ಜೊತೆಗೆ ಬಿಪಿ, ಆಮ್ಲಜನಕ, ಟೆನ್ಷನ್. ಕೆಲವದರಲ್ಲಿ ಸಕ್ಕರೆಯೂ ಬರುತ್ತದೆ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆ ಸುದ್ದಿ ನಮ್ಮೂರಿಗೆ ತಲುಪುವಷ್ಟರಲ್ಲಿ ಚಿಕ್ಕಪ್ಪ ಮೂರನೇ ಹೋಳಿಗೆಗೆ ಕೈ ಹಾಕಿದ್ದರು. ವಾಚು 96 ಎಂದಿತ್ತಲ್ಲ! ಡಬ್ಬದ ತಳದಲ್ಲಿ, ಭೂತಗನ್ನಡಿ ಇಟ್ಟರೆ ಕಾಣುವ ಒಂದು ಸಾಲಿದೆ: ವೈದ್ಯಕೀಯ ಬಳಕೆಗಲ್ಲ.

ಸಕ್ಕರೆ ಹಾಗಿರಲಿ, ನಾಡಿಯನ್ನಾದರೂ ಸರಿಯಾಗಿ ಹೇಳುತ್ತದಾ? ವಾಚಿನ ಹಿಂದೆ ಮಿಣುಕುವ ಹಸಿರು ದೀಪ ಇದೆಯಲ್ಲ, ಕಸುಬೆಲ್ಲ ಅದರದ್ದೇ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ತುಸು ಜಾಸ್ತಿ, ವಾಪಸ್ ಬರುವ ಬೆಳಕು ತುಸು ಕಮ್ಮಿ. ಆ ಏರಿಳಿತವನ್ನು ವಾಚು ಎಣಿಸುತ್ತದೆ. ಸೋಫಾದ ಮೇಲೆ ಕೂತವರಲ್ಲಿ ಇದು ಚೆನ್ನಾಗೇ ನಡೆಯುತ್ತದೆ, ಅಗ್ಗದ ವಾಚಿನಲ್ಲೂ. ತೊಂದರೆ ಶುರುವಾಗುವುದು ಎದ್ದು ಓಡಿದಾಗ. ಅಂದರೆ ವ್ಯಾಯಾಮಕ್ಕೆಂದು ಕೊಂಡ ವಾಚು ವ್ಯಾಯಾಮದ ಹೊತ್ತೊಂದನ್ನು ಬಿಟ್ಟು ಮಿಕ್ಕೆಲ್ಲ ಹೊತ್ತಿನಲ್ಲೂ ಪ್ರಾಮಾಣಿಕ. ಕೈ ಬೀಸಿದರೆ ಪಟ್ಟಿ ಅಲ್ಲಾಡುತ್ತದೆ, ಹೊರಗಿನ ಬೆಳಕು ನುಗ್ಗುತ್ತದೆ, ವಾಚಿಗೆ ಗಲಿಬಿಲಿ. ಆಗ ಅದು ಸಿಕ್ಕಿದ ತಾಳ ಹಿಡಿಯುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುತ್ತಿದ್ದರೆ ನಾಡಿಯೂ 160 ಅಂದುಬಿಡುತ್ತದೆ. ಅದು ಎಣಿಸಿದ್ದು ಎದೆಯನ್ನಲ್ಲ, ಬೂಟನ್ನು.

ಎದೆಯೇ ಬೇಕೆಂಬ ಹಟವೂ ಅದಕ್ಕಿಲ್ಲ. ಟಾಯ್ಲೆಟ್ ಪೇಪರ್ ಸುರುಳಿಗೆ ಬ್ಯಾಂಡ್ ಕಟ್ಟಿದರೂ ನಾಡಿ ತೋರಿಸುತ್ತದೆ ಎಂದು 2019ರಲ್ಲಿ ಚೀನಾದ ಜನ ಕಂಡುಕೊಂಡರು. ಬಾಳೆಹಣ್ಣಿಗೂ ಬರುತ್ತದೆ. ಬೆಳಕು ಯಾವುದಕ್ಕೆ ತಾಗಿ ತಿರುಗಿ ಬಂದರೂ ವಾಚಿಗೆ ಏನಾದರೊಂದು ನಂಬರ್ ಒಪ್ಪಿಸುವ ಆತುರ. ನಂಜನಗೂಡು ರಸಬಾಳೆ ಅಳಿದುಹೋಗುತ್ತಿದೆ ಅಂತ ಎಷ್ಟು ವರ್ಷದಿಂದ ಕೊರಗುತ್ತಿದ್ದೇವೆ, ಅಲ್ವಾ? ಒಂದು ವಾಚು ಕಟ್ಟಿ ನೋಡಿ. 72 ಬರಬಹುದು. ಆರೋಗ್ಯವಾಗಿದೆ.

ಇನ್ನು ಗರಿಷ್ಠ ನಾಡಿಯ ಲೆಕ್ಕ. 220ರಿಂದ ವಯಸ್ಸು ಕಳೆಯಿರಿ, ಅದನ್ನು ದಾಟಬೇಡಿ ಎನ್ನುತ್ತದೆ ವಾಚು. 1970ರ ಆಸುಪಾಸಿನಲ್ಲಿ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಇಬ್ಬರು ಅಮೆರಿಕನ್ನರು, ಕೈಗೆ ಸಿಕ್ಕ ಕೆಲವು ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಗೆರೆ ಇದು. ಇದನ್ನೇ ಕಾನೂನು ಮಾಡಿಕೊಂಡು ಜನ ವ್ಯಾಯಾಮ ಮಾಡಲಿ ಎಂದು ತಾವು ಹೇಳಿರಲಿಲ್ಲ ಎಂದು ಹ್ಯಾಸ್ಕೆಲ್ಲೇ ಆಮೇಲೆ ನಕ್ಕರು. ಒಬ್ಬರಿಂದೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು.

ನಮ್ಮಲ್ಲಿ ಇದಕ್ಕೊಂದು ಸ್ಥಳೀಯ ತಿದ್ದುಪಡಿಯೂ ಇದೆ. ಹಿಂದಿನ ತಲೆಮಾರಿನ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ 1ರಂದು. ಶಾಲೆಗೆ ಸೇರಿಸುವಾಗ ಹುಡುಗನ ಎತ್ತರ ನೋಡಿ ಮೇಷ್ಟ್ರು ಹಾಗೆ ಬರೆದುಕೊಂಡರು. ಅದು ಆಧಾರ್‌ಗೆ ಹೋಯಿತು, ಆಧಾರ್‌ನಿಂದ ವಾಚಿಗೆ ಬಂತು. ಈಗ ಪಾರ್ಕಿನಲ್ಲಿ ಯಜಮಾನರು ಎಷ್ಟು ಜೋರಾಗಿ ನಡೆಯಬೇಕು ಎಂದು ತೀರ್ಮಾನಿಸುವವರು 1965ರ ಆ ಹೆಡ್‌ಮಾಸ್ಟರು.

ಕೊಳ್ಳುವವರಿಗೆ ದಾರಿಯೇ ಇಲ್ಲವೆಂದಲ್ಲ. ಎದೆಗೆ ಕಟ್ಟುವ ಪಟ್ಟಿ ಇದೆ. ಫಿನ್ಲೆಂಡಿನ ಪೋಲಾರ್ ಕಂಪನಿ ತಂತಿಯಿಲ್ಲದ್ದನ್ನು 1982ರಲ್ಲೇ ಮಾರಾಟಕ್ಕೆ ತಂದಿತ್ತು. ಹೃದಯದ ವಿದ್ಯುತ್ತನ್ನೇ ಹಿಡಿಯುವುದರಿಂದ ಓಡಿದರೂ ಸುಳ್ಳು ಕಮ್ಮಿ. ಹೆಸರುವಾಸಿ ಬ್ರ್ಯಾಂಡೇ ಬೇಕೆನ್ನದಿದ್ದರೆ ಮೂರು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಕೊಳ್ಳುತ್ತದೆ. ದೋಷ ಒಂದೇ. ಬನಿಯನ್ ಒಳಗಿರುತ್ತದೆ. ಮದುವೆಮನೆಯಲ್ಲಿ ಯಾರಿಗೂ ಕಾಣುವುದಿಲ್ಲ.

ವಾಚೇ ಬೇಕೆಂದರೆ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಕೊಂಡ ದಿನವೇ ಎರಡು ಮಹಡಿ ಹತ್ತಿ, ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ವಾಚಿನ ಲೆಕ್ಕ ಹತ್ತಿರ ಬಂದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗಡುವು ಮುಗಿಯುವ ಮುಂಚೆ ವಾಪಸ್ ಕಳಿಸಿ. ಕೊಳ್ಳುವ ಮೊದಲೇ ವಿಚಾರಿಸುತ್ತೇನೆ ಎನ್ನುವವರು ಮೆಜೆಸ್ಟಿಕ್ ಕಡೆ ಯಾವುದಾದರೂ ಅಂಗಡಿಗೆ ಹೋಗಿ.

"ಅಣ್ಣಾ, ಓಡುವಾಗ ನಾಡಿ ಸರಿಯಾಗಿ ತೋರಿಸ್ಬೇಕು. ಯಾವುದಿದೆ?"

"ಎಲ್ಲಾನೂ ತೋರಿಸುತ್ತೆ ಸಾರ್."

"ಸರಿಯಾಗಿ?"

"ಬ್ಯಾಟರಿ ಒಂದು ವಾರ ಬರುತ್ತೆ ಸಾರ್. ಕಾಲ್ ಬಂದ್ರೆ ಇದರಲ್ಲೇ ಮಾತಾಡ್ಬೋದು."

"ಅದಲ್ಲಪ್ಪಾ, ನಾಡಿ?"

"ಯಾವ ಕಲರ್ ಕೊಡ್ಲಿ?"