ಜೋಫಿಯಾ ಕೊಸಾಕ್ ಅವರ 1942ರ ಕರಪತ್ರ: ಗೌರವಿಸಬೇಕೆ?

ಪರ

1942ರ ಜುಲೈ 22ರಿಂದ ಪೋಲೆಂಡನ್ನು ವಶಮಾಡಿಕೊಂಡಿದ್ದ ಜರ್ಮನ್ನರು ವಾರ್ಸಾ ನಗರದ ಗೆಟ್ಟೊದಲ್ಲಿ, ಅಂದರೆ ಗೋಡೆ ಕಟ್ಟಿದ ಕೇರಿಯಲ್ಲಿ, ಕೂಡಿಹಾಕಿದ್ದ ಯಹೂದಿಗಳನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾಕ್ಕೆ ಸಾಗಿಸತೊಡಗಿದರು. ಅಲ್ಲಿದ್ದದ್ದು ವಿಷಾನಿಲದ ಕೋಣೆ. ಆಗಸ್ಟ್‌ನಲ್ಲಿ ಪೋಲೆಂಡಿನ ಕ್ಯಾಥೊಲಿಕ್ ಕಾದಂಬರಿಕಾರ್ತಿ ಜೋಫಿಯಾ ಕೊಸಾಕ್ 'ಪ್ರತಿಭಟನೆ' ಎಂಬ ಕರಪತ್ರ ಬರೆದರು. ಗುಟ್ಟಾಗಿ 5,000 ಪ್ರತಿ ಅಚ್ಚಾಯಿತು. ಕೊಲೆ ಕಂಡೂ ಸುಮ್ಮನಿರುವವರು ಕೊಲೆಗಾರರ ಜೊತೆಗಾರರೇ ಎಂದರು. ಇಂಗ್ಲೆಂಡ್, ಅಮೆರಿಕಗಳ ಮೌನವನ್ನೂ ಬಿಡಲಿಲ್ಲ.

ಅದೇ ಕರಪತ್ರ ಯಹೂದಿಗಳನ್ನು ಪೋಲೆಂಡಿನ ಶತ್ರುಗಳು ಎಂದೂ ಕರೆಯಿತು. ಆ ಮಾತು ತಪ್ಪು, ನಾನು ಸಮರ್ಥಿಸುವುದಿಲ್ಲ. ಆದರೆ ಆ ಕರಪತ್ರ ಯಾರ ಕೈಗೆ ಹೋಗಬೇಕಿತ್ತು? ಯಹೂದಿಗಳನ್ನು ಕಂಡರಾಗದವರ ಕೈಗೂ ಹೋಗಬೇಕಿತ್ತು. ನಿಮಗೆ ಅವರ ಮೇಲೆ ಎಷ್ಟೇ ಸಿಟ್ಟಿರಲಿ, ಕೊಲೆ ಕೊಲೆಯೇ ಎಂದು ಅಂಥವರಿಗೆ ಅವರ ಕಡೆಯವರೇ ಹೇಳಬೇಕು.

ಕೊಸಾಕ್ ಬರೆದು ಕೂರಲಿಲ್ಲ. ಯಹೂದಿಯನ್ನು ಬಚ್ಚಿಟ್ಟವರಿಗೆ ಮರಣದಂಡನೆಯಿದ್ದ ಕಾಲದಲ್ಲಿ, ಸೆಪ್ಟೆಂಬರ್‌ನಲ್ಲೇ ವಾಂಡಾ ಕ್ರಹೆಲ್ಸ್ಕಾ ಜೊತೆ ನೆರವಿನ ಗುಪ್ತ ಸಮಿತಿ ಕಟ್ಟಿದರು. ಡಿಸೆಂಬರ್‌ನಲ್ಲಿ ಅದರ ಜಾಗದಲ್ಲಿ ಝೆಗೋಟಾ ಎಂಬ ಗುಪ್ತ ನೆರವಿನ ಮಂಡಳಿ ಬಂತು. ಸುಳ್ಳು ಗುರುತಿನ ಚೀಟಿ, ಅಡಗಲು ಮನೆ, ಖರ್ಚಿಗೆ ದುಡ್ಡು, ಎಲ್ಲವನ್ನೂ ಅದು ಹೊಂದಿಸಿತು. 1943ರಲ್ಲಿ ಜರ್ಮನ್ನರ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೊಸಾಕ್‌ರನ್ನು ಹಿಡಿದು ಆಶ್ವಿಟ್ಜ್ ಸೆರೆಶಿಬಿರಕ್ಕೆ ಕಳಿಸಿತು. ಬದುಕಿ ಬಂದರು. ಅವರ ಮನಸ್ಸು ಪೂರ್ತಿ ತಿಳಿಯಾಗುವವರೆಗೆ ಟ್ರೆಬ್ಲಿಂಕಾದ ರೈಲುಗಳು ಕಾಯುತ್ತಿರಲಿಲ್ಲ.

ವಿರೋಧ

ಸಮಿತಿ ಕಟ್ಟಿದ್ದಕ್ಕೆ ಗೌರವ ಕೊಡೋಣ, ಎರಡು ಮಾತಿಲ್ಲ. ಕರಪತ್ರಕ್ಕೆ ಬೇಡ.

ಗೆಟ್ಟೊದಿಂದ ತಪ್ಪಿಸಿಕೊಂಡವರಿಗೆ ವಾರ್ಸಾದಲ್ಲಿ ಜರ್ಮನ್ನರ ಭಯ ಮಾತ್ರ ಇರಲಿಲ್ಲ. ಮುಖ ನೋಡಿ, ಮಾತಿನ ಧಾಟಿ ಕೇಳಿ ಗುರುತು ಹಿಡಿದು, ಪೊಲೀಸರಿಗೆ ಒಪ್ಪಿಸುತ್ತೇವೆಂದು ಹೆದರಿಸಿ ದುಡ್ಡು ಕೀಳುವ ಪೋಲಿಷರೂ ಇದ್ದರು. ಬಾಗಿಲು ತೆರೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡುವ ಮನೆಯವರೂ ಇದ್ದರು. ದೇವರ ಹೆಸರೆತ್ತುವ ಕರಪತ್ರವೇ 'ಇವರು ಶತ್ರುಗಳು' ಎಂದರೆ ಆ ಮನೆಯವರಿಗೆ ಧೈರ್ಯ ಬರುತ್ತದೆಯೇ?

ಓದುಗರನ್ನು ಒಲಿಸಿಕೊಳ್ಳಲು ಹಾಗೆ ಬರೆದರು ಎನ್ನುವುದನ್ನು ನಾನು ಒಪ್ಪಲಾರೆ. ನಮ್ಮ ಭಾವನೆ ಬದಲಾಗಿಲ್ಲ ಎಂದು ಕರಪತ್ರವೇ ಹೇಳುತ್ತದೆ ಅಲ್ವಾ? ಅದು ನಂಬಿಕೆಯಿಂದ ಬಂದ ಮಾತು. ಯಾರನ್ನೂ ಉಳಿಸುವ ಶಕ್ತಿ ನಮಗಿಲ್ಲ ಎಂದೂ ಅದು ಹೇಳಿತು. ಕೆಲವೇ ವಾರಗಳಲ್ಲಿ ಕೊಸಾಕ್ ಕಟ್ಟಿದ ಸಮಿತಿಯೇ ಆ ಮಾತನ್ನು ಸುಳ್ಳು ಮಾಡಿತು.

ಝೆಗೋಟಾದಲ್ಲಿ ಅಡಾಲ್ಫ್ ಬೆರ್ಮನ್, ಲಿಯೋನ್ ಫೈನರ್ ಎಂಬ ಯಹೂದಿ ಪ್ರತಿನಿಧಿಗಳು ಪೋಲಿಷರ ಜೊತೆಗೇ ಕೂತು ತೀರ್ಮಾನ ತೆಗೆದುಕೊಂಡರು. ಗೌರವಕ್ಕೆ ನಾನು ಆರಿಸುವುದು ಆ ಕೆಲಸವನ್ನು.