ಚಾಡಿ ಹೇಳುವ ನೆಲ

ಮನೆ ತೋರಿಸಲು ಬಂದ ಮಾಲೀಕರು ನಡುಮನೆಯಲ್ಲಿ ನಿಂತು, ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ, "ಹಾರ್ಡ್‌ವುಡ್ ಇದು, ಏನು ಬಿದ್ದರೂ ಏನೂ ಆಗುವುದಿಲ್ಲ" ಎಂದಿದ್ದರು. ಮರುದಿನ ಅವರೇ ಕಳುಹಿಸಿದ ಕರಾರು ಪತ್ರದಲ್ಲಿ ಮಾತ್ರ, ನೆಲದ ಮೇಲೆ ಕಾಣುವ ಪ್ರತಿಯೊಂದು ಗೀರಿಗೂ ಮುಂಗಡದಲ್ಲಿ ಹಣ ಮುರಿದುಕೊಳ್ಳಲಾಗುವುದೆಂಬ ಸಾಲೊಂದಿತ್ತು. ಏನೂ ಆಗದ ನೆಲಕ್ಕೆ ಇಷ್ಟೊಂದು ಕಾವಲೇಕೆ ಎಂದು ಆಗಲೇ ಕೇಳಬೇಕಿತ್ತು. ಆದರೆ ಜೇನಿನ ಬಣ್ಣದ ಆ ಹಲಗೆಗಳ ಮೇಲೆ ಕಿಟಕಿಯ ಬಿಸಿಲು ಮೈಚಾಚಿ ಮಲಗಿದ್ದ ಚೆಂದಕ್ಕೆ ಮರುಳಾಗಿ ಸಹಿ ಹಾಕಿಬಿಟ್ಟೆ.

ಹಾರ್ಡ್‌ವುಡ್ ಎಂಬ ಹೆಸರಿಗೂ ಗಟ್ಟಿತನಕ್ಕೂ ಅಂಥ ನಂಟೇನೂ ಇಲ್ಲವೆಂದು ತಿಳಿದದ್ದು ಆಮೇಲೆ. ಅಗಲ ಎಲೆಯ ಮರಗಳೆಲ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ; ಆಟಿಕೆಯ ವಿಮಾನ ಮಾಡಲು ಬಳಸುವ, ಉಗುರು ಊರಿದರೆ ಗುರುತು ಬೀಳುವ ಬಾಲ್ಸಾ ಮರವೂ ಅದೇ ಕುಲದ್ದು. ಮರದ ನಿಜವಾದ ಗಟ್ಟಿತನ ಅಳೆಯಲು ಜಾಂಕಾ ಪರೀಕ್ಷೆ ಎಂಬುದೊಂದಿದೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕೆಂದು ಅದರಲ್ಲಿ ನೋಡುತ್ತಾರೆ. ನಾನು ಅದೇ ಪರೀಕ್ಷೆಯನ್ನು, ಮನೆ ಹೊಕ್ಕ ಮೂರನೆಯ ದಿನ, ಇಸ್ತ್ರಿ ಪೆಟ್ಟಿಗೆಯನ್ನು ಕೈಜಾರಿಸುವ ಮೂಲಕ ನಡೆಸಿದೆ. ಪೆಟ್ಟಿಗೆಯ ಮೂತಿ ಊರಿದ ಜಾಗದಲ್ಲಿ ಹುಣಸೆಬೀಜದಷ್ಟು ಕುಳಿ ಬಿತ್ತು. ಅದರ ಮೇಲೆ ಇಟ್ಟ ಹೂಕುಂಡ ಇಂದಿಗೂ ಕದಲಿಲ್ಲ. ನೆಲದಲ್ಲಿ ಒಂದೊಂದು ಗುರುತಾದಂತೆ ಮನೆಗೆ ಒಂದೊಂದು ಅಲಂಕಾರ ಸೇರುತ್ತಿರುವುದರಿಂದ, ಬಂದವರೆಲ್ಲ ನನ್ನ ಅಭಿರುಚಿಯನ್ನು ಹೊಗಳಿ ಹೋಗುತ್ತಾರೆ.

ಎರಡನೆಯ ಪಾಠ ಕಲಿಸಿದ್ದು ನೀರು. ಕಲ್ಲಿನ ನೆಲಕ್ಕೆ ಒಗ್ಗಿದ ಕೈ ನನ್ನದಾದ್ದರಿಂದ, ಮೊದಲ ಭಾನುವಾರ ಬಕೆಟ್ ತುಂಬ ನೀರು ತಂದು ಧಾರಾಳವಾಗಿ ಒರೆಸಿದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಚೆನ್ನಾಗಿಯೇ ಹಿಗ್ಗುತ್ತದೆ. ಸಂದಿಗಳಿಂದ ಇಳಿದ ನೀರು ಹಲಗೆಯ ಅಡಿಯನ್ನು ಉಬ್ಬಿಸಿದ್ದರಿಂದ ಎರಡು ದಿನಗಳಲ್ಲಿ ಅಂಚುಗಳು ಮೇಲೆದ್ದು, ಒಂದೊಂದು ಹಲಗೆಯೂ ದೋಣಿಯಂತಾಯಿತು. ಉಜ್ಜುಕಾಗದ ಹಿಡಿದು ಕೂತೇಬಿಟ್ಟಿದ್ದೆ. ಬಡಗಿಯೊಬ್ಬರು ತಡೆಯದಿದ್ದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬಿ, ದೋಣಿಗಳೆಲ್ಲ ಮಗುಚಿ ಬಿದ್ದಂತೆ ಕಾಣುತ್ತಿತ್ತು. ಸುಮ್ಮನಿದ್ದು ಒಣಗಲು ಬಿಡಿ ಎಂದರು. ಸುಮ್ಮನಿರುವುದು ನನಗೆ ಕೈಬಂದ ವಿದ್ಯೆಯಾದ್ದರಿಂದ ನೆಲವೂ ಬಹುಮಟ್ಟಿಗೆ ಸರಿಹೋಯಿತು.

ಇವೆಲ್ಲ ನನಗೂ ನೆಲಕ್ಕೂ ಸಂಬಂಧಿಸಿದ ವಿಷಯಗಳು. ಕೆಳಮನೆಯ ಹಿರಿಯರನ್ನು ನಡುವೆ ಎಳೆದು ತಂದದ್ದು ಮಲಗುವ ಕೋಣೆಯ ಬಾಗಿಲಿನಿಂದ ನಾಲ್ಕನೆಯ ಹಲಗೆ. ಸಡಿಲವಾದ ಹಲಗೆ ಮೊಳೆಗೆ ಉಜ್ಜಿದಾಗ ಕಿರುಗುಟ್ಟುತ್ತದೆ ಎಂಬುದು ಅದರ ಶಾಸ್ತ್ರ. ಜಪಾನಿನ ಕ್ಯೋಟೋದಲ್ಲಿರುವ ನಿಜೋ ಕೋಟೆಯ ಪಡಸಾಲೆಗಳ ನೆಲ ಹೀಗೆಯೇ ಹಕ್ಕಿಯಂತೆ ಉಲಿದು, ಕಳ್ಳಹೆಜ್ಜೆಯ ಸುಳಿವು ಕೊಡುತ್ತಿತ್ತೆಂಬ ಮಾತಿದೆ. ಅಲ್ಲಿ ಶತ್ರು ಬಂದರೆ ಕೂಗು. ಇಲ್ಲಿ ನಾನು ನೀರು ಕುಡಿಯಲು ಎದ್ದರೂ ಕೂಗು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕ ಹಿರಿಯರು, "ರಾತ್ರಿ ಮೂರು ಸಲ ಎದ್ದಿರಲ್ಲ, ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಮೆಲ್ಲಗೆ ಕೇಳಿದರು.

ನಾಚಿಕೆಯಿಂದ ಅಂದೇ ಮದ್ದು ಹುಡುಕಿದೆ. ಸಂದಿಗೆ ಟಾಲ್ಕಂ ಪೌಡರು ಉದುರಿಸಿದರೆ ಉಜ್ಜಾಟ ಕಡಿಮೆಯಾಗಿ ಸದ್ದು ಅಡಗುತ್ತದೆ, ನಿಜ. ಹೆಚ್ಚಾದ ಪುಡಿಯನ್ನು ಒರೆಸಿ ತೆಗೆಯಬೇಕೆಂಬ ಮುಖ್ಯ ಭಾಗವನ್ನು ನಾನು ಮರೆತಿದ್ದೆ. ಆ ರಾತ್ರಿ ನಾಲ್ಕನೆಯ ಹಲಗೆ ಚಕಾರವೆತ್ತಲಿಲ್ಲ. ಅದರ ಬದಲಿಗೆ ನಾನು ಜಾರಿ, ಒಟ್ಟು ಎಂಟು ಹಲಗೆಗಳನ್ನು ಒಂದೇ ಏಟಿಗೆ ಮಾತನಾಡಿಸಿದೆ. ಕೆಳಗಿನಿಂದ ಹಿರಿಯರು ಟಾರ್ಚು ಹಿಡಿದು ಓಡಿ ಬಂದಾಗ, ಬಚ್ಚಲುಮನೆಯವರೆಗೆ ಹೋಗಿ ಬಂದ ಬಿಳಿಯ ಹೆಜ್ಜೆಗಳೂ, ನಡುವೆ ಮೈಗೆಲ್ಲ ಪೌಡರು ಮೆತ್ತಿಕೊಂಡು ಕೂತಿದ್ದ ನಾನೂ ಅವರಿಗೆ ಕಂಡೆವು.

ಮಳೆ ಹಿಡಿದು ಗಾಳಿ ತೇವವಾದಾಗ ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡವು. ಮನೆ ತಾನಾಗಿಯೇ ನಿಶ್ಶಬ್ದವಾಯಿತು. ಮೂರನೆಯ ಬೆಳಿಗ್ಗೆ ಕರೆಗಂಟೆ ಬಾರಿಸಿತು. ಬಾಗಿಲು ತೆರೆದರೆ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎರಡು ದಿನದಿಂದ ನೀವು ಏಳುವ ಸದ್ದೇ ಇಲ್ಲ, ನನಗೂ ನಿದ್ದೆ ಬರಲಿಲ್ಲ" ಎಂದರು.

ಈಗ ರಾತ್ರಿ ಎದ್ದಾಗ ಸ್ವಲ್ಪ ಸುತ್ತುಬಳಸಿ ಕಿಟಕಿಯ ಬದಿಯಿಂದ ಹೋಗುತ್ತೇನೆ. ಅಲ್ಲೊಂದು ಹಲಗೆ ಮಳೆಗಾಲದಲ್ಲಿಯೂ ಕಿರುಗುಟ್ಟುತ್ತದೆ.