ಮಂಚದ ಕೆಳಗಿನ ಸೂರ್ಯ

ನಕ್ಷತ್ರ ತೋರಿಸುವ ಆ್ಯಪನ್ನು ಹೊಸದಾಗಿ ಇಳಿಸಿಕೊಂಡವರು ಅದನ್ನು ಮೊದಲು ತೆರೆಯುವುದು ಅಂಗಳದಲ್ಲಲ್ಲ, ಹಾಸಿಗೆಯಲ್ಲಿ. ಮಲಗಿ ನೋಡುತ್ತಿದ್ದ ಮೊಬೈಲ್ ಕೈಜಾರಿ ನೆಲದ ಕಡೆ ಮುಖ ಮಾಡಿದಾಗ ಪರದೆಯಲ್ಲಿ ಸೂರ್ಯ ಪ್ರತ್ಯಕ್ಷ. ನಡುರಾತ್ರಿಯಲ್ಲಿ, ಮಂಚದ ಕೆಳಗೆ! ಇದೆಂಥ ದರಿದ್ರ ಆ್ಯಪ್ ಎಂದು ಒಂದೇ ಸ್ಟಾರ್ ಕೊಟ್ಟು ಅಳಿಸಿಬಿಡುವವರಿದ್ದಾರೆ. ನಕ್ಷತ್ರದ ಆ್ಯಪಿಗೆ ಒಂದೇ ನಕ್ಷತ್ರ, ಪಾಪ.

ಆದರೆ ಅದು ಹೇಳಿದ್ದು ನಿಜ. ಈ ಆ್ಯಪ್‌ಗಳಿಗೆ ನೆಲ, ಗಾರೆ, ಮಂಚ ಯಾವುದೂ ಅಡ್ಡ ಬರುವುದಿಲ್ಲ. ಭೂಮಿಯ ಆಚೆ ಬದಿಯ ಆಕಾಶವನ್ನೂ ಅವು ನೆಲ ತೂರಿ ತೋರಿಸುತ್ತವೆ. ಫೆಬ್ರವರಿ ಎರಡನೇ ವಾರದಲ್ಲಿ ಚಿಕ್ಕಮಗಳೂರಿನಲ್ಲಿ ರಾತ್ರಿ 12:40ರ ಸುಮಾರಿಗೆ ಸೂರ್ಯ ಇರುವುದೇ ಹೆಚ್ಚುಕಡಿಮೆ ನೇರ ನಮ್ಮ ಕಾಲಡಿಯಲ್ಲಿ. ಬೇಡವೆಂದರೆ ಸ್ಟೆಲ್ಲೇರಿಯಂ ಎಂಬ ಆ್ಯಪಿನಲ್ಲಿ ಭೂದೃಶ್ಯದ ಗುಂಡಿ ಒತ್ತಿದರಾಯಿತು, ಹುಲ್ಲು ಮರ ಇರುವ ನೆಲ ಮೂಡಿ ಕೆಳಗಿನದನ್ನೆಲ್ಲ ಮುಚ್ಚುತ್ತದೆ. ಸ್ಕೈ ಮ್ಯಾಪ್ ಎಂಬ ಇನ್ನೊಂದರಲ್ಲಿ ದಿಗಂತದ ಗೆರೆಯನ್ನು ಹಾಕಿಕೊಂಡು, ಅದರಿಂದ ಕೆಳಗಿರುವುದೆಲ್ಲ ಸದ್ಯಕ್ಕೆ ನಮ್ಮದಲ್ಲ ಎಂದುಕೊಂಡರೆ ಸಾಕು.

ಆ್ಯಪಿಗೆ ಆಕಾಶ ಬಾಯಿಪಾಠ. ಗೊತ್ತಿಲ್ಲದಿರುವುದು ನಮ್ಮ ವಿಷಯ: ನಾವು ಎಲ್ಲಿ ನಿಂತಿದ್ದೇವೆ, ಈಗ ಗಂಟೆ ಎಷ್ಟು, ಮುಖ ಯಾವ ಕಡೆ. ಎಲ್ಲ ಎಡವಟ್ಟೂ ಹುಟ್ಟುವುದು ಈ ಮೂರರಲ್ಲೇ.

ಮೊದಲು ಜಾಗ. ತೋಟದ ಮನೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕೇ ಬೇಕೆಂದಿಲ್ಲ, ಆದರೆ ಅದಿಲ್ಲದಿದ್ದರೆ ಉಪಗ್ರಹಗಳ ಮಾಹಿತಿಯನ್ನು ಆಕಾಶದಿಂದಲೇ ನಿಧಾನಕ್ಕೆ ಇಳಿಸಿಕೊಳ್ಳಬೇಕು, ಕೆಲವು ನಿಮಿಷ ಹಿಡಿದೀತು. ಅಷ್ಟು ತಾಳ್ಮೆ ಯಾರಿಗಿದೆ? ಅಕ್ಷಾಂಶ ರೇಖಾಂಶವನ್ನು ಕೈಯಲ್ಲೇ ತುಂಬುತ್ತಾರೆ. ಹಾಸನಕ್ಕೆ 13.0 ಉತ್ತರ, 76.1 ಪೂರ್ವ. ಚಿಕ್ಕಮಗಳೂರಿಗೆ 13.3 ಮತ್ತು 75.8. ಅವಸರದಲ್ಲಿ ಎರಡನ್ನೂ ಅದಲುಬದಲು ಮಾಡಿದರೆ ಹಾಸನದವರು ಹೋಗಿ ಬೀಳುವುದು ನಾರ್ವೆಯಿಂದಲೂ ಬಡಗಲ ಸಮುದ್ರದಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ನೀರಿನಲ್ಲಿ. ಅಲ್ಲಿ ಧ್ರುವ ನಕ್ಷತ್ರ ನೆತ್ತಿಯ ಹತ್ತಿರ 76 ಡಿಗ್ರಿಯಲ್ಲಿರುತ್ತದೆ, ಇರುಳ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ವರ್ಷವಿಡೀ ಹುಟ್ಟುವುದೇ ಇಲ್ಲ. ಆ್ಯಪಿನಲ್ಲಿ ಲುಬ್ಧಕ ಸದಾ ನೆಲದಡಿ ಇದ್ದರೆ ಬೇರೆ ತನಿಖೆ ಬೇಡ, ನೀವು ಸಮುದ್ರದಲ್ಲಿದ್ದೀರಿ.

ಧ್ರುವ ಒಳ್ಳೆಯ ಪರೀಕ್ಷಕ. ಊರಿನ ಅಕ್ಷಾಂಶ ಎಷ್ಟೋ ಅದರ ಎತ್ತರವೂ ಅಷ್ಟೇ. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮಲ್ಲಿ ಧ್ರುವ ದಿಗಂತದಿಂದ ಒಂದು ಮುಷ್ಟಿ, ಮೇಲೆರಡು ಬೆರಳು. ಚಿಕ್ಕಮಗಳೂರಿನ ಕಡೆ ಆ ಎತ್ತರದಲ್ಲಿ ಬೆಟ್ಟವಿರುತ್ತದೆ, ಇಲ್ಲವೇ ಸಿಲ್ವರ್ ಓಕ್ ಇರುತ್ತದೆ, ಅದು ಬೇರೆ ಮಾತು. ಉತ್ತರದಲ್ಲಿ ಕಳೆದುಕೊಂಡದ್ದಕ್ಕೆ ದಕ್ಷಿಣದಲ್ಲಿ ಬಡ್ಡಿ ಸಮೇತ ಸಿಗುತ್ತದೆ: ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ತ್ರಿಶಂಕು ನಕ್ಷತ್ರಪುಂಜ ದಿಗಂತದಿಂದ 16-17 ಡಿಗ್ರಿ ಮೇಲೇರುತ್ತದೆ. ದೆಹಲಿಯವರಿಗೆ ಈ ಭಾಗ್ಯ ಬಹುಮಟ್ಟಿಗೆ ಇಲ್ಲ.

ಈಗ ಗಂಟೆ. ಫೋನಿನ ಗಡಿಯಾರ ತಪ್ಪುವುದಿಲ್ಲ, ಮನೆಯಲ್ಲಿ ಮಕ್ಕಳಿಲ್ಲದಿದ್ದರೆ. ಆಟದಲ್ಲಿ ಹೊಸ ಜೀವ ಬೇಗ ಸಿಗಲೆಂದು ದಿನಾಂಕವನ್ನು ಒಂದು ದಿನ ಮುಂದೆ ತಳ್ಳಿ ಹಾಗೇ ಬಿಟ್ಟಿರುತ್ತಾರೆ. ಇದನ್ನು ಹಿಡಿಯಲು ಚಂದ್ರನೇ ಸಾಕ್ಷಿ. ಒಂದು ದಿನದ ವ್ಯತ್ಯಾಸಕ್ಕೆ ನಕ್ಷತ್ರಗಳು ಸರಿಯುವುದು ಒಂದೇ ಡಿಗ್ರಿ, ಕಣ್ಣಿಗೆ ಗೊತ್ತೇ ಆಗದು. ಚಂದ್ರ ಮಾತ್ರ ಸುಮಾರು 13 ಡಿಗ್ರಿ ಆಚೆ ಹೋಗಿರುತ್ತಾನೆ. ನಕ್ಷತ್ರವೆಲ್ಲ ಜಾಗದಲ್ಲಿದ್ದು ಚಂದ್ರನೊಬ್ಬನೇ ನಾಪತ್ತೆಯಾದರೆ ಸೆಟ್ಟಿಂಗ್ಸಿಗೆ ಹೋಗಿ ದಿನಾಂಕ ನೋಡಿ, ಆಮೇಲೆ ಮಗನನ್ನು ಕೂಗಿ.

ದಿಕ್ಕಿನ ರಗಳೆ ಎಲ್ಲಕ್ಕಿಂತ ದೊಡ್ಡದು. "ಎಂತ ಮಾರಾಯ, ಇದರಲ್ಲಿ ಚಂದ್ರ ಹಿತ್ತಲಿನಲ್ಲಿದ್ದಾನೆ, ಹೊರಗೆ ನೋಡಿದ್ರೆ ಅಂಗಳದಲ್ಲಿದ್ದಾನೆ!" ಎಂಬ ದೂರು ಎಲ್ಲ ಮನೆಯ ಭಾವಂದಿರದ್ದೂ. ಫೋನು ತಾನೆಷ್ಟು ಓರೆಯಾಗಿದ್ದೇನೆಂದು ತಿಳಿಯುವುದು ಭೂಮಿಯ ಸೆಳೆತದಿಂದ. ಅದು ತಪ್ಪುವುದು ಅಪರೂಪ. ಯಾವ ಕಡೆ ತಿರುಗಿದ್ದೇನೆಂದು ತಿಳಿಯುವುದು ಒಳಗಿನ ಮ್ಯಾಗ್ನೆಟೋಮೀಟರಿನಿಂದ, ಅಂದರೆ ಭೂಮಿಯ ಕಾಂತಕ್ಷೇತ್ರದಿಂದ. ಅದು ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ, ಬಹಳ ಸೊರಗಿದ ಸೆಳೆತ. ಪುಸ್ತಕದಂತೆ ಮಡಚುವ ಕವರಿನ ತುದಿಯಲ್ಲಿ 'ಟಪ್' ಎಂದು ಅಂಟಿಕೊಳ್ಳುವ ಪುಟ್ಟ ಅಯಸ್ಕಾಂತ ಇದೆಯಲ್ಲ, ಅದರ ಮುಂದೆ ಭೂಮಿಯ ಮಾತು ಕೇಳಿಸುವುದೇ ಇಲ್ಲ. ಎತ್ತರ ಸರಿಯಿದ್ದು ದಿಕ್ಕು ಮಾತ್ರ ತಪ್ಪಿದ್ದರೆ ಕಳ್ಳ ಇವನೇ.

ಕುಣಿಯಲಾರದವರು ನೆಲ ಡೊಂಕು ಅಂದರಂತೆ. ದಿಕ್ಸೂಚಿಯ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕು. ತಾರಸಿಯ ಗಾರೆಯೊಳಗೆ ಕಬ್ಬಿಣದ ಸರಳುಗಳ ಜಾಲವೇ ಇದೆ. ಕೈ ನಡುಗದಿರಲಿ ಎಂದು ಫೋನನ್ನು ತಾರಸಿಯ ಕಟ್ಟೆಯ ಮೇಲೆ ಊರಿದರೆ ಉತ್ತರ ದಿಕ್ಕು ಆ ಸರಳಿನ ಜೊತೆ ಹೋಗುತ್ತದೆ. ಜೀಪಿನ ಬಾನೆಟ್‌ಗೆ ಒರಗಿ ನೋಡುವುದು ಇನ್ನೂ ಸೊಗಸು, ಆಕಾಶವೆಲ್ಲ ಎಂಜಿನ್ ಕಡೆಗೇ ವಾಲುತ್ತದೆ. ಹೀಗಾಗಿ ಕವರ್ ಬಿಚ್ಚಿ, ಜೀಪಿನಿಂದ ಹತ್ತು ಹದಿನೈದು ಅಡಿ ದೂರ ನಿಂತು, ಫೋನನ್ನು ಎದೆಯ ಮಟ್ಟದಲ್ಲಿ ಹಿಡಿಯಿರಿ. ಆಮೇಲೆ ಗಾಳಿಯಲ್ಲಿ 8ರ ಅಂಕಿ ಬರೆದಂತೆ ಐದಾರು ಸಲ ಆಡಿಸಿ. ಮಣಿಕಟ್ಟು ತಿರುಗಿ ಫೋನಿನ ಮುಖ, ಬೆನ್ನು, ಅಂಚು ಎಲ್ಲವೂ ಎಲ್ಲ ಕಡೆ ತಿರುಗಬೇಕು. ಸುಮ್ಮನೆ ಆರತಿ ಎತ್ತಿದಂತೆ ಸುತ್ತಿಸಿದರೆ ಆಗುವುದಿಲ್ಲ. ಕತ್ತಲಲ್ಲಿ ತಾರಸಿಯ ಮೇಲೆ ಒಬ್ಬರು ಬೆಳಕಿನ ಹಲಗೆ ಹಿಡಿದು ಹೀಗೆ ಬೀಸುವುದನ್ನು ಕಂಡ ಪಕ್ಕದ ಮನೆಯ ಅಜ್ಜಿ, ಯಾರಿಗೋ ದೃಷ್ಟಿ ತೆಗೆಯುತ್ತಿದ್ದಾರೆ ಎಂದುಕೊಂಡರೆ ಬೇಸರ ಬೇಡ. ಒಂದರ್ಥದಲ್ಲಿ ಹೌದು, ಫೋನಿಗೆ ಸರಿದೃಷ್ಟಿ ಕೊಡುವ ಕೆಲಸವೇ ಅದು.

ಇಷ್ಟಾದರೂ ಐದಾರು ಡಿಗ್ರಿ ಆಚೀಚೆ ಉಳಿದೇ ಉಳಿಯುತ್ತದೆ. ಮ್ಯಾನುಯಲ್ ಮೋಡಿಗೆ ಹಾಕಿ, ನಿಮಗೆ ಖಾತ್ರಿಯಾಗಿ ಗೊತ್ತಿರುವ ಒಂದನ್ನು, ಚಂದ್ರನನ್ನೋ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿಯನ್ನೋ, ಬೆರಳಿನಿಂದ ಎಳೆದು ಎದುರಿನ ಆಕಾಶಕ್ಕೆ ಹೊಂದಿಸಿಕೊಳ್ಳಿ. ಅಲ್ಲಿಂದ ಮುಂದಕ್ಕೆ ಹುಡುಕುವುದು ಸುಲಭ. ಅಗ್ಗದ ಕೆಲವು ಫೋನ್‌ಗಳಲ್ಲಿ ಮ್ಯಾಗ್ನೆಟೋಮೀಟರೇ ಇರುವುದಿಲ್ಲ. ಅವರು ಎಷ್ಟು ಎಂಟು ಬರೆದರೂ ಸೊನ್ನೆಯೇ.

ಕೆಂಪಾಗಿ ಉರಿಯುತ್ತಿರುವುದು ಮಂಗಳವೋ ಮೊಬೈಲ್ ಟವರಿನ ದೀಪವೋ ಎಂಬ ಜಗಳಕ್ಕೆ ಆ್ಯಪ್ ಬೇಡ. ಹತ್ತು ನಿಮಿಷ ಕಾಯಿರಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಹತ್ತು ನಿಮಿಷಕ್ಕೆ ಎರಡೂವರೆ. ತೆಂಗಿನ ಗರಿಯ ತುದಿಗೆ ಗುರಿಯಿಟ್ಟು ನಿಂತರೆ ಮಂಗಳ ಸರಿದಿರುತ್ತದೆ, ಟವರ್ ಅಲ್ಲೇ ಇರುತ್ತದೆ.

ನೋಡಲು ಜಾಗ ಎಂದರೆ ಮಲೆನಾಡಿನಲ್ಲಿ ಕಾಫಿ ಕಣಕ್ಕಿಂತ ಒಳ್ಳೆಯದಿಲ್ಲ. ಸಮತಟ್ಟು, ಬಯಲು, ಸುತ್ತ ಮರ ದೂರ. ತೊಂದರೆ ಒಂದೇ: ಆಕಾಶ ಅತ್ಯಂತ ಶುಭ್ರವಾಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದ ತುಂಬ ಕಾಫಿ ಹರಡಿರುತ್ತದೆ. ಕತ್ತು ಮೇಲೆತ್ತಿ ಕೃತ್ತಿಕೆ ಹುಡುಕುತ್ತ ಹಣ್ಣಿನ ರಾಶಿಯ ಮೇಲೆ ಕಾಲಿಟ್ಟರೆ ಚೆರಿ ಕಾಫಿ ಗೋಲಿಯಂತೆ ಉರುಳಿ, ಬಿದ್ದವರಿಗೆ ಹಗಲಲ್ಲದಿದ್ದರೂ ನಕ್ಷತ್ರ ಕಾಣುತ್ತದೆ. ಕಣದ ಅಂಚಿನಲ್ಲೇ ನಿಲ್ಲಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರು ಇನ್ನೂ ಕತ್ತಲ ಜಾಗ ಬೇಕೆಂದು ತೋಟದೊಳಗೆ ಇಳಿಯಬೇಡಿ. ಆನೆ ಎಲ್ಲಿದೆ ಎಂಬುದನ್ನು ಯಾವ ನಕ್ಷತ್ರದ ಆ್ಯಪೂ ತೋರಿಸದು.

ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು. ಕೆಡಿಸಲು ಒಂದು ಗಳಿಗೆ ಸಾಕು. ಆ್ಯಪ್‌ಗಳಲ್ಲಿ ಪರದೆಯನ್ನು ಕೆಂಪಾಗಿಸುವ ನೈಟ್ ಮೋಡ್ ಇರುವುದು ಇದಕ್ಕೇ. ಮಬ್ಬಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ. ಆದರೆ ಕೆಂಪಾಗುವುದು ಆ ಆ್ಯಪ್ ಮಾತ್ರ. ಅರ್ಧ ಗಂಟೆ ಕಾದು, ಕಣ್ಣು ಹದವಾಗಿ, ಇನ್ನೇನು ಆಂಡ್ರೊಮಿಡಾ ಗೆಲಾಕ್ಸಿಯ ಮಸುಕು ಕಂಡಿತು ಎನ್ನುವಾಗ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಗುಲಾಬಿ ಹೂವಿನ ಶುಭರಾತ್ರಿ ಬರುತ್ತದೆ. ಮುಗಿಯಿತು, ಮತ್ತೆ ಅರ್ಧ ಗಂಟೆ. ಫೋನನ್ನು ಮೊದಲೇ ಡು ನಾಟ್ ಡಿಸ್ಟರ್ಬ್‌ಗೆ ಹಾಕಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಆಟೋ ಬ್ರೈಟ್‌ನೆಸ್ ಆರಿಸಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಖರ್ಚಿಲ್ಲದೆ ಕೆಲಸವಾಯಿತು.

ಬಾಹ್ಯಾಕಾಶ ನಿಲ್ದಾಣ ಯಾವಾಗ ಹಾದುಹೋಗುತ್ತದೆಂದು ತಿಳಿಯಲು ಹೆವೆನ್ಸ್ ಅಬವ್ ಎಂಬ ಆ್ಯಪ್ ಒಳ್ಳೆಯದು. ಅದರ ಪಟ್ಟಿಯಲ್ಲಿ ಪ್ರಕಾಶ ಮೈನಸ್ 3.5 ಎಂದಿದ್ದರೆ ಕೆಲವರು ಬ್ಯಾಂಕ್ ಪಾಸ್‌ಬುಕ್ ಓದಿದಂತೆ ನಿಟ್ಟುಸಿರು ಬಿಟ್ಟು ಮಲಗುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ, ಮೈನಸ್ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಲುಬ್ಧಕನೇ ಮೈನಸ್ 1.46. ಆದರೆ ಜಾಗ ಬೆಂಗಳೂರು ಎಂದೇ ಉಳಿದಿದ್ದರೆ ಮೋಸ ಹೋಗುತ್ತೀರಿ. ನಕ್ಷತ್ರಗಳ ಮಟ್ಟಿಗೆ ಬೆಂಗಳೂರಿಗೂ ಚಿಕ್ಕಮಗಳೂರಿಗೂ ಏಳೆಂಟು ನಿಮಿಷದ ವ್ಯತ್ಯಾಸ ಅಷ್ಟೇ. ನಿಲ್ದಾಣ ಇರುವುದು ಬರೀ 400 ಕಿಲೋಮೀಟರ್ ಮೇಲೆ. ನಡುವೆ 200 ಕಿಲೋಮೀಟರ್ ದೂರವಿರುವಾಗ ಅಲ್ಲಿಯ ನೆತ್ತಿ ಇಲ್ಲಿ 25 ಡಿಗ್ರಿಯಷ್ಟು ವಾಲಬಹುದು. ಹಳೆಯ ಕಕ್ಷೆಯ ಮಾಹಿತಿಯೂ ಕೈಕೊಡುತ್ತದೆ. ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುತ್ತಿರುತ್ತಾರೆ, ಅದಕ್ಕೇ ತೋಟಕ್ಕೆ ಹೊರಡುವ ಮುಂಚೆ ನೆಟ್‌ವರ್ಕ್ ಇರುವಲ್ಲೇ ಒಮ್ಮೆ ತಾಜಾ ಮಾಡಿಕೊಳ್ಳಿ. ಇನ್ನೊಂದು, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸುವಾಗ ಅದು ನಡು ಆಕಾಶದಲ್ಲೇ ಫಕ್ಕನೆ ಮಾಯವಾದರೆ ಗಾಬರಿ ಬೇಡ. ಭೂಮಿಯ ನೆರಳಿಗೆ ಹೊಕ್ಕಿತು, ಅಷ್ಟೇ.

ಮೋಡದ ವಿಷಯಕ್ಕೆ ನಕ್ಷತ್ರದ ಆ್ಯಪ್ ಬಾಯಿ ಬಿಡುವುದಿಲ್ಲ. ಹವಾಮಾನ ಇಲಾಖೆ ಕೊಡುವ ಇನ್ಸಾಟ್ ಉಪಗ್ರಹಗಳ ಚಿತ್ರ ನೋಡಬೇಕು. ಆ ಉಪಗ್ರಹಗಳನ್ನು 36,000 ಕಿಲೋಮೀಟರ್ ಮೇಲೆ ಹದ್ದುಬಸ್ತಿನಲ್ಲಿ ಇಟ್ಟಿರುವುದು 1982ರಿಂದ ಹಾಸನದಲ್ಲೇ ಇರುವ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ. ಹಾಸನದವರು ತಮ್ಮ ತಲೆಯ ಮೇಲಿನ ಮೋಡವನ್ನು ತಮ್ಮೂರಿನಿಂದ ನಡೆಯುವ ಉಪಗ್ರಹದಿಂದ ನೋಡಿಕೊಳ್ಳುತ್ತಾರೆ ಎಂದಾಯಿತು. ಆದರೂ ಚಿತ್ರ ಶುಭ್ರವಾಗಿದ್ದು ಹೊರಗೆ ಕೈಗೆ ಕೈ ಕಾಣದಷ್ಟು ಮಂಜಿರುವುದುಂಟು. ರಾತ್ರಿಯ ಇನ್‌ಫ್ರಾರೆಡ್ ಚಿತ್ರ ಅಳೆಯುವುದು ತಾಪವನ್ನು. ಎತ್ತರದ ಮೋಡ ತಣ್ಣಗಿದ್ದು ಬೆಳ್ಳಗೆ ಕಾಣುತ್ತದೆ. ಮಲೆನಾಡಿನ ತಗ್ಗಿನ ಮಂಜು ನೆಲದಷ್ಟೇ ತಾಪದಲ್ಲಿದ್ದು ನೆಲವಾಗಿಯೇ ಕಾಣುತ್ತದೆ. ಬಾಗಿಲು ತೆಗೆದು ನೋಡುವ ಹಳೆಯ ಪದ್ಧತಿಯೇ ವಾಸಿ.

ಜೂನ್ ಬಂತೆಂದರೆ ಈ ಎಲ್ಲ ಸರಂಜಾಮೂ ಅಟ್ಟಕ್ಕೆ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಎಂದು ಮಳೆಗೆ ಕಾಯುವ ಕಾಲ. ಆರಿದ್ರಾ ಮಳೆಯ ಹೊತ್ತಿಗೆ ಆರಿದ್ರಾ ನಕ್ಷತ್ರ ಯಾಕೆ ಕಾಣುವುದಿಲ್ಲ ಎಂದು ಕೇಳುವವರಿಗೆ ಮೋಡವೊಂದೇ ಉತ್ತರವಲ್ಲ. ಸೂರ್ಯ ಆ ನಕ್ಷತ್ರದ ಬಳಿ ಬಂದಾಗಲೇ ಆ ಹೆಸರಿನ ಮಳೆ, ಹಾಗಾಗಿ ಅದು ಹಗಲಿನ ಆಕಾಶದಲ್ಲಿರುತ್ತದೆ. ಜೂನ್ 22ರ ಮಧ್ಯಾಹ್ನ 12:30ಕ್ಕೆ ಕೊಡೆ ಹಿಡಿದು ಅಂಗಳದಲ್ಲಿ ನಿಂತು ಫೋನನ್ನು ನೆತ್ತಿಯ ಕಡೆ ಎತ್ತಿದರೆ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ, ಅವನಿಂದ ಒಂದೂವರೆ ಮುಷ್ಟಿ ದಕ್ಷಿಣಕ್ಕೆ ಆರಿದ್ರಾ, ಪರದೆಯಲ್ಲಿ ಚೊಕ್ಕವಾಗಿ ಕಾಣುತ್ತವೆ. ಬೇಗ ನೋಡಿಬಿಡಬೇಕು. ಪರದೆಗೆ ಬಿದ್ದ ಹನಿಯನ್ನು ಬೆರಳೆಂದೇ ತಿಳಿಯುವ ಫೋನು ಆಕಾಶವನ್ನು ಸರಕ್ಕನೆ ಎಳೆದು, ಎರಡನ್ನೂ ಹಿಡಿದು ಮತ್ತೆ ನೆಲದಡಿಗೆ ಹಾಕಿರುತ್ತದೆ.